ಅರಿಸ್ಟಾಟಲನ ನೀತಿಗ್ರಂಥವೂ ಕನ್ನಡದ ಮೂರು ಪದಗಳೂ

ಗ್ರೀಕರ ತತ್ತ್ವಶಾಸ್ತ್ರವನ್ನು ಕನ್ನಡದಲ್ಲಿ ವಿವರಿಸುವವರು ಮೂರು ಪದಗಳನ್ನು ಯಾವ ಸಂಶಯವೂ ಇಲ್ಲದೆ ಪ್ರಯೋಗಿಸುವುದುಂಟು. ಅರಿಸ್ಟಾಟಲನ 'ಅರೆತೇ' ಎಂಬುದಕ್ಕೆ ಸದ್ಗುಣವೆಂದೂ, 'ಯುದೈಮೊನಿಯಾ' ಎಂಬುದಕ್ಕೆ ಸುಖ ಅಥವಾ ಆನಂದವೆಂದೂ, 'ಪೊಲಿಸ್' ಎಂಬುದಕ್ಕೆ ರಾಜ್ಯ ಅಥವಾ ನಗರರಾಜ್ಯವೆಂದೂ ಬರೆಯುವುದು ವಾಡಿಕೆಯಾಗಿದೆ. ಇವುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡು ನೋಡಿದರೆ ದೊಡ್ಡ ದೋಷವೇನೂ ಕಾಣದು. ಮೂರನ್ನೂ ಒಟ್ಟಿಗೆ ಇರಿಸಿದಾಗಲೇ ಆಗಿರುವ ಹಾನಿ ಗೊತ್ತಾಗುವುದು. ಮೂಲದಲ್ಲಿ ಒಂದೇ ವಿಚಾರದ ಮೂರು ಅಂಗಗಳಾಗಿದ್ದವು ಕನ್ನಡಕ್ಕೆ ಬರುವಷ್ಟರಲ್ಲಿ ಮೂರು ಬೇರೆ ಬೇರೆ ಮನೆಗಳಿಗೆ ಹಂಚಿಹೋಗಿರುತ್ತವೆ: ಸದ್ಗುಣವು ಬಾಲಬೋಧೆಯ ನೀತಿಪಾಠಕ್ಕೆ, ಆನಂದವು ವೇದಾಂತಕ್ಕೆ, ರಾಜ್ಯವು ಅರ್ಥಶಾಸ್ತ್ರಕ್ಕೆ. ಹೀಗೆ ಹಂಚಿದ ಮೇಲೆ ಅರಿಸ್ಟಾಟಲನ ನೀತಿಗ್ರಂಥವು ಸಾಧಾರಣವಾದ ಹಿತೋಪದೇಶದಂತೆಯೂ, ಅವನ ರಾಜನೀತಿಯು ಕೌಟಿಲ್ಯನಿಗಿಂತ ಕೆಳದರ್ಜೆಯ ತಂತ್ರಗ್ರಂಥದಂತೆಯೂ ತೋರಿದರೆ ಆಶ್ಚರ್ಯವೇನು?

ಮೊದಲು ಸದ್ಗುಣವೆಂಬ ಪದವನ್ನು ಪರೀಕ್ಷಿಸಬೇಕು. ಅರಿಸ್ಟಾಟಲನು ನೀತಿಗ್ರಂಥದ ಎರಡನೆಯ ಭಾಗದಲ್ಲಿ ಅರೆತೇ ಎಂಬುದನ್ನು ವಿವರಿಸುತ್ತ ಕಣ್ಣನ್ನೂ ಕುದುರೆಯನ್ನೂ ಉದಾಹರಿಸುತ್ತಾನೆ. ಕಣ್ಣಿಗೂ ಅರೆತೇ ಉಂಟು. ಅದರಿಂದ ಕಣ್ಣು ಚೆನ್ನಾಗಿರುತ್ತದೆ, ಚೆನ್ನಾಗಿ ಕಾಣುತ್ತದೆ. ಕುದುರೆಗೂ ಉಂಟು, ಅದರಿಂದ ಅದು ಚೆನ್ನಾಗಿ ಓಡುತ್ತದೆ, ಸವಾರನನ್ನು ಹೊರುತ್ತದೆ, ಶತ್ರುವಿನೆದುರು ನಿಲ್ಲುತ್ತದೆ. ಅವನ ಗುರುವಾದ ಪ್ಲೇಟೊ ಇದಕ್ಕೂ ಮುಂಚೆ ಬಳ್ಳಿ ಸವರುವ ಕತ್ತಿಯ ಉದಾಹರಣೆಯನ್ನು ಕೊಟ್ಟಿದ್ದನು. ಇಲ್ಲೆಲ್ಲ ಸದ್ಗುಣವೆಂದು ಬರೆದರೆ ಕತ್ತಿಯ ಸದ್ಗುಣ, ಕುದುರೆಯ ಸದ್ಗುಣ ಎಂದು ಹೇಳಬೇಕಾಗಿ ಬಂದು ಓದುವವನು ನಗುತ್ತಾನೆ. ಅನುವಾದಕನು ಈ ಸಂಕಟವನ್ನು ತಪ್ಪಿಸಿಕೊಳ್ಳಲು ಕುದುರೆಗೆ 'ಉತ್ತಮತೆ' ಎಂದೂ ಮನುಷ್ಯನಿಗೆ 'ಸದ್ಗುಣ' ಎಂದೂ ಎರಡು ಪದಗಳನ್ನು ಬಳಸಿದರೆ ವಾದವೇ ಮುರಿದುಬೀಳುತ್ತದೆ. ಏಕೆಂದರೆ ಯಾವ ಅರ್ಥದಲ್ಲಿ ಕತ್ತಿಗೆ ಒಂದು ಕೆಲಸವುಂಟೋ ಅದೇ ಅರ್ಥದಲ್ಲಿ ಮನುಷ್ಯನಿಗೂ ಮನುಷ್ಯನೆಂಬ ಕಾರಣದಿಂದ ಒಂದು ಕೆಲಸವುಂಟು ಎಂಬುದೇ ಆ ವಾದದ ಜೀವ.

ಆಂಗ್ಲದ 'ವರ್ಚ್ಯೂ' ಎಂಬ ಪದವನ್ನು ನಂಬಿ ಕನ್ನಡಿಸಿದ್ದೇ ಈ ತೊಡಕಿಗೆ ಮೂಲ. ಆ ಪದವಾದರೂ ಲ್ಯಾಟಿನ್ನಿನ 'ವಿರ್' ಎಂಬುದರಿಂದ ಹುಟ್ಟಿದ್ದು. 'ವಿರ್' ಎಂಬುದು ಸಂಸ್ಕೃತದ 'ವೀರ' ಶಬ್ದದ ಜ್ಞಾತಿ. ಎಂದರೆ ವರ್ಚ್ಯೂ ಎಂಬುದು ಹುಟ್ಟುವಾಗ 'ವೀರ್ಯ'ವಾಗಿಯೇ ಇದ್ದು, ಕ್ರೈಸ್ತ ಶತಮಾನಗಳಲ್ಲಿ ಹಾದುಬಂದು ವಿನಯ, ಬ್ರಹ್ಮಚರ್ಯ, ಸಾಧುತ್ವಗಳ ಕಡೆಗೆ ಬಾಗಿತು. ಕನ್ನಡದ ಅನುವಾದಕರ ಕೈಗೆ ಸಿಕ್ಕಿದ್ದು ಬಾಗಿದ ಮೇಲಿನ ರೂಪ. ಸದ್ಗುಣದಲ್ಲಿರುವ 'ಸತ್' ಎಂಬುದನ್ನು ತೆಗೆದು 'ಗುಣ'ವೆಂದಷ್ಟೇ ಬರೆದರೆ ಮುಕ್ಕಾಲು ಪಾಲು ಕಷ್ಟ ತೀರುತ್ತದೆ. ಕನ್ನಡದಲ್ಲಿ ಮಣ್ಣಿಗೂ ನೀರಿಗೂ ಔಷಧಿಗೂ ಗುಣವುಂಟು; ರೋಗಿಯು ವಾಸಿಯಾದರೆ 'ಗುಣವಾಯಿತು' ಎನ್ನುತ್ತೇವೆ, ಎಂದರೆ ದೇಹವು ತನ್ನ ಕೆಲಸಕ್ಕೆ ಮರಳಿ ಯೋಗ್ಯವಾಯಿತು ಎಂದರ್ಥ. ಇದಕ್ಕಿಂತ ಹತ್ತಿರವಾದ ಪ್ರಯೋಗವು ದೊರೆಯುವುದು ಕಷ್ಟ. ಆದರೆ ಈ ಪದಕ್ಕೂ ಒಂದು ಕೊರತೆಯಿದೆ. ಹುಟ್ಟುಗುಣ ಸುಟ್ಟರೂ ಹೋಗದೆಂಬುದು ನಮ್ಮ ಗಾದೆ. ಗುಣವೆಂದರೆ ಜನ್ಮದೊಡನೆ ಬಂದದ್ದೆಂಬ ಭಾವನೆ ಕನ್ನಡಿಗರಲ್ಲಿ ಬೇರೂರಿದೆ. ಅರಿಸ್ಟಾಟಲನ ಸಿದ್ಧಾಂತವು ಇದಕ್ಕೆ ನೇರವಾಗಿ ವಿರುದ್ಧ. ಮನೆ ಕಟ್ಟಿ ಕಟ್ಟಿ ಕಟ್ಟಡದವನಾಗುವಂತೆಯೂ, ವಾದ್ಯವನ್ನು ನುಡಿಸಿ ನುಡಿಸಿ ವೈಣಿಕನಾಗುವಂತೆಯೂ, ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿ ಮನುಷ್ಯನು ನ್ಯಾಯವಂತನಾಗುತ್ತಾನೆಂದು ಅವನ ಮತ. ಆದಕಾರಣ ಗುಣವೆಂದು ಬರೆಯುವವನು ಮೊದಲನೆಯ ಬಾರಿ ಅದು ಬರುವಲ್ಲಿ 'ಅಭ್ಯಾಸದಿಂದ ನೆಲೆಗೊಂಡದ್ದು' ಎಂಬ ವಿಶೇಷಣವನ್ನು ಸೇರಿಸುವುದು ಅವಶ್ಯಕ. ಮೀಮಾಂಸಕರ 'ಸಂಸ್ಕಾರ' ಶಬ್ದವು ಇಲ್ಲಿ ಸಹಾಯಕ್ಕೆ ಬರಬಹುದಾದರೂ ಅದು ಈಗ ಉಪನಯನವಿವಾಹಾದಿಗಳಿಗೆ ಅಂಟಿಕೊಂಡಿದೆ.

ಗುಣದ ಲಕ್ಷಣವಾದ 'ಮಧ್ಯ'ದ ವಿಷಯದಲ್ಲಿ ಆಗಿರುವ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯ, ಜಿಪುಣತನಕ್ಕೂ ದುಂದುಗಾರಿಕೆಗೂ ನಡುವೆ ಔದಾರ್ಯ ಎಂದು ಅರಿಸ್ಟಾಟಲನು ಹೇಳಿದ್ದನ್ನು ನೋಡಿದೊಡನೆಯೇ ನಮ್ಮವರು ಅದಕ್ಕೆ 'ಮಧ್ಯಮಮಾರ್ಗ' ಎಂದು ಹೆಸರಿಡುತ್ತಾರೆ. ಬುದ್ಧನ ಮಧ್ಯಮಪ್ರತಿಪದೆಯ ನೆನಪು ಅದರ ಹಿಂದಿದೆ. ಹೆಸರಿನಿಂದಾಗಿ ಎಲ್ಲದರಲ್ಲಿಯೂ ಅರ್ಧ ಮಾಡುವುದೇ ಗ್ರೀಕರ ಧರ್ಮವೆಂಬ ಅಪಾರ್ಥ ಬೆಳೆದಿದೆ. ಗ್ರಂಥಕಾರನಾದರೋ ಈ ಅಪಾರ್ಥವನ್ನು ಮೊದಲೇ ತಡೆದಿದ್ದಾನೆ. ಒಬ್ಬನಿಗೆ ಹತ್ತು ತೂಕದ ಆಹಾರ ಹೆಚ್ಚು, ಎರಡು ತೂಕದ್ದು ಕಡಮೆ ಎಂದಮಾತ್ರಕ್ಕೆ ಆರು ತೂಕವೇ ಎಲ್ಲರಿಗೂ ಸರಿಯೆಂದಾಗದು. ಮಿಲೊ ಎಂಬ ಜಟ್ಟಿಗೆ ಆರು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಆರು ಅತಿಯಾಯಿತು. ಲೆಕ್ಕದ ಮಧ್ಯವೇ ಬೇರೆ, ನಮ್ಮನ್ನು ಕುರಿತ ಮಧ್ಯವೇ ಬೇರೆ.

ಸಂಸ್ಕೃತ ಕೋಶಗಳನ್ನೆಲ್ಲ ತಿರುವಿಹಾಕಿದರೂ ಈ ಎರಡನೆಯ ಮಧ್ಯಕ್ಕೆ ಸಮನಾದ ಒಂದು ಶಬ್ದ ದೊರೆಯುವುದು ದುರ್ಲಭ. ಕನ್ನಡದ ಅಡುಗೆಮನೆಯಲ್ಲಿ ಅದು ನಿತ್ಯವೂ ಕೇಳಿಬರುತ್ತದೆ, ಅದೇ 'ಹದ'. ಬೆಲ್ಲದ ಪಾಕಕ್ಕೆ ಹದವುಂಟು. ಒಂದು ಕ್ಷಣ ಮುಂಚೆ ಇಳಿಸಿದರೆ ಅಂಟು, ಒಂದು ಕ್ಷಣ ತಡೆದರೆ ಕಲ್ಲು. ಮಳೆ ಬಿದ್ದ ನೆಲಕ್ಕೆ ಹದವುಂಟು. ಕೆಸರಾಗಿರುವಾಗಲೂ ಒಣಗಿದ ಮೇಲೂ ನೇಗಿಲು ಹೂಡುವಂತಿಲ್ಲ. ಮುದ್ದೆಯ ಹಿಟ್ಟಿಗೆ, ಮಡಕೆಯ ಮಣ್ಣಿಗೆ, ತಂಬೂರಿಯ ತಂತಿಗೆ ಎಲ್ಲಕ್ಕೂ ಹದವುಂಟು. ಇದು ಎರಡು ತುದಿಗಳ ನಡುವಿನ ಅಳತೆಯ ಗೆರೆಯಲ್ಲ. ಈ ವಸ್ತುವಿಗೆ, ಈ ಕಾಲದಲ್ಲಿ, ಈ ಕೆಲಸಕ್ಕಾಗಿ ತಕ್ಕುದಾದದ್ದು. ಹದವನ್ನು ಸೂತ್ರದಿಂದ ಕಲಿಯಲಾಗದು. ಹದ ಬಲ್ಲವರ ಜೊತೆಯಲ್ಲಿ ಕೈಯಿಟ್ಟು ಕಲಿಯಬೇಕು. ವಿವೇಕಿಯಾದವನು ನಿರ್ಣಯಿಸುವಂತೆ ಮಧ್ಯವನ್ನು ನಿರ್ಣಯಿಸಬೇಕೆಂದು ಅರಿಸ್ಟಾಟಲನು ಲಕ್ಷಣವಾಕ್ಯದಲ್ಲಿಯೇ ಸೇರಿಸಿರುವುದೂ ಇದನ್ನೇ. ಕೋಪಿಸಿಕೊಳ್ಳುವುದು ಯಾರಿಗೂ ಸುಲಭ, ತಕ್ಕವರ ಮೇಲೆ ತಕ್ಕಷ್ಟು ತಕ್ಕ ಹೊತ್ತಿನಲ್ಲಿ ಕೋಪಿಸಿಕೊಳ್ಳುವುದು ಕಷ್ಟವೆಂಬ ಅವನ ಅಭಿಪ್ರಾಯವನ್ನು ಯಾವ ಅಡುಗೆಯವನೂ ಎರಡನೆಯ ಬಾರಿ ವಿವರಿಸಿ ಹೇಳದೆಯೇ ಒಪ್ಪುವನು. ಪಂಡಿತರು ದೇಶ್ಯಪದವೆಂದು ಇದನ್ನು ಶಾಸ್ತ್ರದಿಂದ ಹೊರಗಿಟ್ಟಿರುವುದು ಶಾಸ್ತ್ರಕ್ಕೇ ನಷ್ಟ.

ಯುದೈಮೊನಿಯಾ ಎಂಬುದರ ವಿಷಯದಲ್ಲಿ ವ್ಯುತ್ಪತ್ತಿಯು ಒಂದು ವಿನೋದವನ್ನು ಮಾಡಿದೆ. ಅದರ ಪೂರ್ವಪದವು ಸಂಸ್ಕೃತದ 'ಸು' ಉಪಸರ್ಗದ ಜ್ಞಾತಿ. 'ದೈಮೋನ್' ಎಂಬುದು ಹಂಚುವುದೆಂಬ ಅರ್ಥದ ಧಾತುವಿನಿಂದ ಬಂದು, ಪಾಲನ್ನು ಹಂಚುವ ದೇವತೆಯನ್ನು ಹೇಳುತ್ತದೆ. ಸಂಸ್ಕೃತದ 'ಭಗ'ನೂ ಪಾಲನ್ನು ಹಂಚುವ ದೇವತೆಯೇ. ಹೀಗೆ ಯುದೈಮೊನಿಯಾ ಎಂಬುದರ ಅವಯವಾರ್ಥವನ್ನು ಹಾಗೆಹಾಗೆಯೇ ಇಟ್ಟರೆ 'ಸೌಭಾಗ್ಯ'ವೆಂದಾಗುತ್ತದೆ! ಅರಿಶಿನಕುಂಕುಮದ ಸೌಭಾಗ್ಯವನ್ನು ಅರಿಸ್ಟಾಟಲನ ತಲೆಗೆ ಕಟ್ಟಲು ಯಾರೂ ಸಿದ್ಧರಾಗರೆಂಬುದು ನಿಜ. ಆದರೆ ಸುಖವೆಂದು ಬರೆಯುವುದೂ ಅಷ್ಟೇ ಅನುಚಿತ. ಸುಖವು ಅನುಭವಿಸತಕ್ಕ ಒಂದು ಅವಸ್ಥೆ, ನಿದ್ರೆಯಲ್ಲಿಯೂ ಸುಖವುಂಟು. ಜೀವಮಾನವೆಲ್ಲ ನಿದ್ರಿಸಿದವನನ್ನು ಯಾರೂ ಯುದೈಮೋನ್ ಎಂದು ಕರೆಯರೆಂದು ಗ್ರಂಥದ ಮೊದಲ ಭಾಗದಲ್ಲಿಯೇ ಇದೆ. ಅದು ಅವಸ್ಥೆಯಲ್ಲ, ವ್ಯಾಪಾರ. ಗುಣಕ್ಕನುಸಾರವಾಗಿ, ಪೂರ್ಣವಾದ ಒಂದು ಆಯುಷ್ಯದಲ್ಲಿ, ಆತ್ಮವು ನಡೆಸುವ ವ್ಯಾಪಾರ. ಆನಂದವೆಂದರೆ ಅದಕ್ಕಿಂತ ದೂರ. ತೈತ್ತಿರೀಯದ ಆನಂದಮೀಮಾಂಸೆಯನ್ನು ಓದಿದವನು ಆ ಪದವನ್ನು ಕಂಡೊಡನೆ ಬ್ರಹ್ಮಾನಂದಕ್ಕೆ ಮೆಟ್ಟಿಲೇರತೊಡಗುತ್ತಾನೆ. ಶ್ರೇಯಸ್ಸು ಎಂಬುದು ಇವೆರಡಕ್ಕಿಂತ ಉತ್ತಮ, ಆದರೆ ಅದು ಪ್ರೇಯಸ್ಸಿಗೆ ಎದುರಾಳಿಯಾಗಿ ಹುಟ್ಟಿದ ಶಬ್ದ. ಅರಿಸ್ಟಾಟಲನ ಗುಣವಂತನಿಗೆ ಒಳ್ಳೆಯದೇ ಹಿತವಾಗಿಯೂ ಇರುತ್ತದಾದುದರಿಂದ ಅಲ್ಲಿ ಆ ಕದನವೇ ಇಲ್ಲ.

ಇಲ್ಲಿಯೂ ಕನ್ನಡದ ದೇಶ್ಯಪದವೊಂದು ಕಾದಿದೆ. ಕನ್ನಡವು ಬದುಕುವುದನ್ನೂ ಬಾಳುವುದನ್ನೂ ಬೇರ್ಪಡಿಸಿ ಹೇಳಬಲ್ಲುದು. ಉಸಿರಾಡುತ್ತಿರುವವನು ಬದುಕಿದ್ದಾನೆ; 'ಬಾಳಿ ಬದುಕಿದ ಮನೆತನ' ಎಂದಾಗ ಮಾತ್ರ ಮರ್ಯಾದೆ, ಅನ್ನದಾನ, ನಾಲ್ಕು ಜನರ ನಡುವಿನ ನಡೆ ಎಲ್ಲವೂ ಅದರಲ್ಲಿ ಸೇರುತ್ತವೆ. ಹಿರಿಯರು ಹರಸುವಾಗ ಬಾಳೆಂದು ಹರಸುತ್ತಾರೆ. ಅದೇ ಕ್ರಿಯೆಯು ವಸ್ತುಗಳ ಯೋಗ್ಯತೆಗೂ ಸಲ್ಲುತ್ತದೆ. ಬೆಲೆಬಾಳುವ ಒಡವೆ, ನೂರು ರೂಪಾಯಿ ಬಾಳುವ ಸೀರೆ ಎನ್ನುವುದುಂಟು. ಯೋಗ್ಯವಾಗಿರುವುದೂ ಜೀವಿಸುವುದೂ ಒಂದೇ ಶಬ್ದದಲ್ಲಿ ಕೂಡಿರುವ ಇಂಥ ಅನುಕೂಲವು ಆಂಗ್ಲದ ಅನುವಾದಕರಿಗೆ ಇಲ್ಲ. ಅವರು ಸುಖವಾಚಕವಾದ ತಮ್ಮ ಹಳೆಯ ಪದವನ್ನು ಬಿಟ್ಟು ಹೂವರಳುವುದನ್ನು ಹೇಳುವ ಪದವೊಂದನ್ನು ಇತ್ತೀಚೆಗೆ ಹಿಡಿದಿದ್ದಾರೆ. ಮನುಷ್ಯನ ಅಂತ್ಯವನ್ನು ಕಾಣುವವರೆಗೆ ಅವನನ್ನು ಯುದೈಮೋನ್ ಎನ್ನಬಾರದೆಂಬ ಸೊಲೋನನ ಮಾತನ್ನು ಅರಿಸ್ಟಾಟಲನು ಚರ್ಚೆಗೆ ತೆಗೆದುಕೊಂಡಿದ್ದಾನೆ. ಆ ಮಾತು ಸುಖವೆಂಬ ಪದದೊಡನೆ ಅಸಂಬದ್ಧವಾಗುತ್ತದೆ, ಏಕೆಂದರೆ ಸುಖಿಯು ತಾನು ಸುಖಿಯೆಂದು ಈಗಲೇ ಬಲ್ಲನು. 'ಬಾಳಿದವನು' ಎಂಬುದಾದರೋ ಹಿಂತಿರುಗಿ ನೋಡಿಯೇ ಹೇಳತಕ್ಕ ಮಾತು.

ಪದಗಳ ಈ ವಿಚಾರವು ಗ್ರಂಥದ ಕೊನೆಯಲ್ಲಿ ಫಲಿಸುತ್ತದೆ. ಹತ್ತನೆಯ ಭಾಗದ ಏಳು ಎಂಟನೆಯ ಅಧ್ಯಾಯಗಳಲ್ಲಿ ತತ್ತ್ವಚಿಂತನೆಯ ಬಾಳೇ ಅತ್ಯುತ್ತಮವೆಂದು ಅರಿಸ್ಟಾಟಲನು ಸ್ಥಾಪಿಸುತ್ತಾನೆ. ಅದ್ವೈತದಲ್ಲಿ ಪರಿಶ್ರಮವುಳ್ಳ ನಮ್ಮ ವಾಚಕರು ಇಲ್ಲಿಗೆ ಬಂದು ಸಂತೋಷದಿಂದ ಪುಸ್ತಕವನ್ನು ಮುಚ್ಚುತ್ತಾರೆ: ಧರ್ಮಾರ್ಥಕಾಮಗಳನ್ನು ದಾಟಿ ಮೋಕ್ಷಕ್ಕೆ ಬಂದನೆಂದು. ಆದರೆ ಗ್ರಂಥವು ಅಲ್ಲಿಗೆ ಮುಗಿದಿಲ್ಲ. ಒಂಬತ್ತನೆಯದೊಂದು ಅಧ್ಯಾಯವಿದೆ. ಗುಣವು ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸವು ಬಾಲ್ಯದಿಂದ ಆಗತಕ್ಕದ್ದು. ಬಾಲ್ಯದ ಅಭ್ಯಾಸವು ಒಳ್ಳೆಯ ಕಟ್ಟಳೆಗಳಿಂದ ಆಗತಕ್ಕದ್ದು. ಕಟ್ಟಳೆಗಳನ್ನು ಮಾಡುವ ವಿದ್ಯೆಯನ್ನು ಇನ್ನೂ ಯಾರೂ ಸರಿಯಾಗಿ ವಿಚಾರಿಸಿಲ್ಲವಾದುದರಿಂದ ಅದನ್ನು ಮೊದಲುಮಾಡೋಣವೆಂದು ಹೇಳಿ ಅವನು ನೀತಿಗ್ರಂಥವನ್ನು ನಿಲ್ಲಿಸಿ ರಾಜನೀತಿಗೆ ಬಾಗಿಲು ತೆರೆಯುತ್ತಾನೆ. ಸಂನ್ಯಾಸದ ಹೊಸ್ತಿಲಿನಿಂದ ಮತ್ತೆ ಊರಿನ ಚಾವಡಿಗೆ ತಿರುಗುವ ಈ ನಡೆಯನ್ನು ಗಮನಿಸದವರು ನೀತಿ ರಾಜನೀತಿಗಳೆರಡನ್ನೂ ಬೇರೆ ಬೇರೆ ಪುಸ್ತಕಗಳೆಂದು ತಿಳಿಯುವುದು ಸಹಜ.

ಮೈಸೂರಿನ ಇತಿಹಾಸವೂ ಈ ಬೇರ್ಪಡಿಕೆಗೆ ಅನುಕೂಲವಾಯಿತು. ಈಜಿಪ್ಟಿನಲ್ಲಿ ದೊರೆತ, ಜಮೀನಿನ ಲೆಕ್ಕಪತ್ರಗಳ ಹಿಂಬದಿಯಲ್ಲಿ ನಕಲು ಮಾಡಿದ್ದ ಪಪೈರಸ್ಸಿನಿಂದ, ಅರಿಸ್ಟಾಟಲನದೆಂದು ಪ್ರಸಿದ್ಧವಾದ ಅಥೆನ್ಸಿನ ಆಡಳಿತದ ಗ್ರಂಥವು ೧೮೯೧ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದೇ ೧೮೯೧ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರ ಸ್ಥಾಪಿತವಾಯಿತು. ಅಲ್ಲಿಗೆ ಬಂದ ಓಲೆಗರಿಯ ಕಟ್ಟಿನಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು, ೧೯೧೫ರಲ್ಲಿ ಆಂಗ್ಲಕ್ಕೆ ಪರಿವರ್ತಿಸಿದರು. ಮರೆಯಾಗಿದ್ದ ಎರಡು ಗ್ರಂಥಗಳು ಇಪ್ಪತ್ತು ವರ್ಷಗಳೊಳಗೆ ಬೆಳಕಿಗೆ ಬಂದದ್ದು ವಿಸ್ಮಯಕರವೇ ಸರಿ. ಅಂದಿನಿಂದ ಕೌಟಿಲ್ಯನನ್ನೂ ಅರಿಸ್ಟಾಟಲನನ್ನೂ ಜೋಡಿಯಾಗಿ ನಿಲ್ಲಿಸುವ ಪದ್ಧತಿ ಬೆಳೆಯಿತು. ಅವರಿಬ್ಬರೂ ಸಮಕಾಲೀನರೆಂಬ ನಂಬಿಕೆ ಅದಕ್ಕೆ ಬಲ ಕೊಟ್ಟಿತ್ತು. ಈಗ ದೊರೆಯುವ ಅರ್ಥಶಾಸ್ತ್ರದ ಪಾಠವು ಕ್ರಿಸ್ತಶಕದ ಮೊದಲ ಶತಮಾನಗಳದೆಂದು ಹಲವು ವಿದ್ವಾಂಸರು ಸಾಧಿಸಿರುವುದರಿಂದ ಆ ಬಲವೂ ಕುಗ್ಗಿದೆ. ಕಾಲವು ಹೇಗಾದರೂ ಇರಲಿ. ಇಬ್ಬರ ಪ್ರಶ್ನೆಗಳೇ ಬೇರೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳು ಸುಸ್ಥಿತಿಯಲ್ಲಿರುವುದು ಹೇಗೆಂದು ಕೌಟಿಲ್ಯನ ಪ್ರಶ್ನೆ. ಅರಸನ ಸುಖವು ಪ್ರಜೆಗಳ ಸುಖಕ್ಕೆ ಅಧೀನವೆಂದು ಅವನು ಹೇಳಿರುವುದು ನಿಜವಾಗಿಯೂ ಉದಾತ್ತವಾದದ್ದು. ಆದರೂ ಅಲ್ಲಿ ಪ್ರಜೆಯು ಸುಖವನ್ನು ಪಡೆಯುವವನು, ಆಳುವವನಲ್ಲ. ಅರಿಸ್ಟಾಟಲನ ಪ್ರಶ್ನೆಯೋ, ಊರಿನ ನ್ಯಾಯನಿರ್ಣಯದಲ್ಲಿಯೂ ಅಧಿಕಾರದಲ್ಲಿಯೂ ಪಾಲುಳ್ಳವನು ಯಾರೆಂಬುದು. ಅಂಥವನಿಗೇ ಅವನು 'ಪೊಲಿತೇಸ್' ಎಂದು ಹೆಸರು ಕೊಡುತ್ತಾನೆ. ಸರದಿಯಿಂದ ಆಳುವುದನ್ನೂ ಆಳಿಸಿಕೊಳ್ಳುವುದನ್ನೂ ಬಲ್ಲವನು ಅವನು.

ಈ ಪೊಲಿತೇಸ್ ಎಂಬವನಿಗೆ ಕನ್ನಡದಲ್ಲಿ ಹೆಸರೇನು? ಪ್ರಜೆ ಎಂದರೆ ಸಂತಾನ. ಅರಸನು ತಂದೆಯಾದರೆ ಇವನು ಮಗು. ನಾಗರಿಕನೆಂದರೆ ವಾತ್ಸ್ಯಾಯನನಲ್ಲಿ ಪೇಟೆಯ ವಿಲಾಸಿ, ಕೌಟಿಲ್ಯನಲ್ಲಿ ನಗರದ ಮೇಲ್ವಿಚಾರಣೆಯ ಅಧಿಕಾರಿ. ಉಳಿದದ್ದು ಪೌರ. 'ಪುರ್' ಮತ್ತು 'ಪೊಲಿಸ್' ಒಂದೇ ಮೂಲದವಾದುದರಿಂದ ಪೊಲಿತೇಸನಿಗೂ ಪೌರನಿಗೂ ರಕ್ತಸಂಬಂಧವೇ ಇದೆ. ಆ ಗ್ರೀಕ್ ವಂಶದಿಂದ ಕನ್ನಡದ ಬೀದಿಗೆ ನೇರವಾಗಿ ಬಂದವು ಪಾಲಿಟಿಕ್ಸು ಮತ್ತು ಪೊಲೀಸು ಎರಡೇ ಎಂಬುದನ್ನು ನೆನೆದರೆ ನಗು ಬರುತ್ತದೆ. ಪೌರಶಬ್ದವು ಶಾಲೆಯ ಪೌರನೀತಿಯಲ್ಲಿಯೂ ಕಾನೂನಿನ ಪೌರತ್ವದಲ್ಲಿಯೂ ಇದೆಯಾದರೂ, ದಿನನಿತ್ಯದ ಮಾತಿನಲ್ಲಿ ಅದು ಹೆಚ್ಚಾಗಿ ಕೇಳಿಬರುವುದು ಬೀದಿ ಗುಡಿಸುವ ಪೌರಕಾರ್ಮಿಕರ ಹೆಸರಿನಲ್ಲಿ. ಮೈಮುರಿದು ದುಡಿಯುವವರನ್ನು ಅತ್ಯುತ್ತಮವಾದ ಪೊಲಿಸ್ಸಿನಲ್ಲಿ ಪೌರರೆಂದು ಎಣಿಸಕೂಡದೆಂದು ಅರಿಸ್ಟಾಟಲನು ವಿಧಿಸಿದ್ದನು. ಕನ್ನಡವು ಅವರಿಗೇ ಆ ಹೆಸರನ್ನು ಉಳಿಸಿಕೊಟ್ಟಿದೆ. ಈ ಒಂದು ವಿಷಯದಲ್ಲಿ ತತ್ತ್ವಜ್ಞನಿಗಿಂತ ಭಾಷೆಯೇ ನ್ಯಾಯವಾಗಿ ನಡೆದುಕೊಂಡಿತು. ಗುಲಾಮರನ್ನೂ ಸ್ತ್ರೀಯರನ್ನೂ ಅವನು ಹೊರಗಿಟ್ಟದ್ದು ಎಲ್ಲರೂ ಬಲ್ಲ ದೋಷ. ಸ್ಟಗೈರದಿಂದ ಬಂದವನಾದ ಅವನೇ ಅಥೆನ್ಸಿನಲ್ಲಿ ಪೌರನಾಗಿರಲಿಲ್ಲ, ಪರಸ್ಥಳದ ನಿವಾಸಿಯಾಗಿದ್ದನು ಎಂಬುದನ್ನು ಮಾತ್ರ ಸಾಧಾರಣವಾಗಿ ಮರೆಯುತ್ತಾರೆ.

ಕನ್ನಡನಾಡಿಗೆ ಪೌರತ್ವದ ಅನುಭವವೇ ಇರಲಿಲ್ಲವೆಂದು ಇದರಿಂದ ಊಹಿಸಬಾರದು. ಶಾಸನಗಳಲ್ಲಿ ಅಗ್ರಹಾರದ ಮಹಾಜನಂಗಳು ಕೂಡಿ ದಾನವನ್ನು ಕೈಕೊಂಡು, ಕಟ್ಟಳೆಯನ್ನು ಮಾಡಿ, ವ್ಯಾಜ್ಯವನ್ನು ತೀರಿಸುವುದನ್ನು ಕಾಣುತ್ತೇವೆ. ಅಯ್ಯಾವೊಳೆಯ ಐನೂರ್ವರದು ವರ್ತಕರ ಸಂಘ. 'ಹತ್ತು ಸಮಸ್ತರು' ಎಂಬ ನುಡಿ ಇನ್ನೂ ಸತ್ತಿಲ್ಲ. ಇವುಗಳಲ್ಲಿಯೂ ಪಾಲುಳ್ಳವರು ಕೆಲವರೇ, ಅಥೆನ್ಸಿನಲ್ಲಿದ್ದಂತೆ. ಆದರೆ ಇಂಥ ಸಭೆಗಳ ಬಗೆಗೆ ನಮ್ಮಲ್ಲಿ ಶಾಸನಗಳುಂಟು, ಶಾಸ್ತ್ರವಿಲ್ಲ. ಶಾಸ್ತ್ರವು ಅರಸನ ಕಡೆಗೆ ಹೋಯಿತು. ಪುರುಷಾರ್ಥಗಳನ್ನು ಒಟ್ಟಿಗೆ ವಿಚಾರಿಸಿದ ಹಿರಿಯಣ್ಣನವರಂಥವರ ಬರೆಹದಲ್ಲಿಯೂ ಊರಿನ ಸಭೆಗೆ ಸ್ಥಾನ ಚಿಕ್ಕದು.

ತತ್ತ್ವಶಾಸ್ತ್ರವು ಕೊಡದ ಸೂಚನೆಯನ್ನು ನಾಟಕವು ಕೊಟ್ಟಿತು. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ಏಜಾಕ್ಸ್ ನಾಟಕವನ್ನು ೧೯೨೯ರಲ್ಲಿ 'ಅಶ್ವತ್ಥಾಮನ್' ಆಗಿ ಮಾರ್ಪಡಿಸಿದ್ದನ್ನು ಕುರಿತು ಚರ್ಚೆ ಸಾಕಷ್ಟು ನಡೆದಿದೆ. ೧೯೩೫ರ 'ಪಾರಸಿಕರು' ಅಷ್ಟು ಗಮನವನ್ನು ಪಡೆಯಲಿಲ್ಲ. ಈಸ್ಕಿಲಸನ ಆ ನಾಟಕದಲ್ಲಿ ಪಾರಸಿಕರ ರಾಜಮಾತೆಯು ಅಥೆನ್ಸಿನವರಿಗೆ ಒಡೆಯನು ಯಾರೆಂದು ಕೇಳುತ್ತಾಳೆ. ಅವರು ಯಾವ ಮನುಷ್ಯನ ಆಳುಗಳೂ ಅಲ್ಲ, ಯಾರ ಅಧೀನರೂ ಅಲ್ಲವೆಂದು ಉತ್ತರ ಬರುತ್ತದೆ. ಒಡೆಯನಿಲ್ಲದ ಸೇನೆಯು ನಿಂತು ಕಾದುವುದು ಹೇಗೆಂಬುದು ಅವಳಿಗೆ ಅರ್ಥವಾಗದು. ೧೮೮೧ರಿಂದ ಪ್ರಜಾಪ್ರತಿನಿಧಿ ಸಭೆಯಿದ್ದರೂ ಆಜ್ಞೆಯು ಮಹಾರಾಜರದೇ ಆಗಿದ್ದ ಸಂಸ್ಥಾನದಲ್ಲಿ ಈ ಸಂವಾದವು ಕನ್ನಡವಾಯಿತು. ಪೊಲಿಸ್ ಎಂದರೇನೆಂದು ಕನ್ನಡದ ವಿದ್ಯಾರ್ಥಿಗೆ ತಿಳಿಸುವುದಕ್ಕೆ ಹತ್ತು ಲಕ್ಷಣವಾಕ್ಯಗಳಿಗಿಂತ ಆ ರಾಣಿಯ ಬೆರಗು ಹೆಚ್ಚು ಸಮರ್ಥ. ಇನ್ನು ನೀತಿಯನ್ನೂ ರಾಜನೀತಿಯನ್ನೂ ಒಂದೇ ಸೂರಿನಡಿ ಕೂಡಿಸಿದವರು ಡಿ. ವಿ. ಗುಂಡಪ್ಪನವರು, ೧೯೪೫ರಲ್ಲಿ ಅವರು ಸ್ಥಾಪಿಸಿದ ಬಸವನಗುಡಿಯ ಗೋಖಲೆ ಸಂಸ್ಥೆಯಲ್ಲಿ ಸಾರ್ವಜನಿಕ ವಿಷಯಗಳ ವ್ಯಾಸಂಗವೂ ಗೀತೆಯ ಪಾಠವೂ ನಡೆದವು. ಅರಿಸ್ಟಾಟಲನ ಹೆಸರು ಹೇಳದೆಯೇ ಹತ್ತನೆಯ ಭಾಗದ ಒಂಬತ್ತನೆಯ ಅಧ್ಯಾಯವನ್ನು ಅರಿತುಕೊಂಡಿದ್ದ ಮನೆ ಅದು.

ಈ ವಿಚಾರವು ಕೋಶದ ಮಟ್ಟದಲ್ಲಿಯೇ ನಿಲ್ಲದಂತೆ ಒಂದು ಊರನ್ನು ತೆಗೆದುಕೊಂಡು ನೋಡಬಹುದು. ಬೆಂಗಳೂರಿನ ಪಡುವಣ ಭಾಗದ ಅತ್ತಿಗುಪ್ಪೆಯು ತನ್ನ ಹೆಸರಿನಲ್ಲಿ ಅತ್ತಿಯ ಮರವನ್ನೂ ಗುಪ್ಪೆಯನ್ನೂ ಉಳಿಸಿಕೊಂಡಿರುವ ಹಳ್ಳಿ. ಈಗ ಮಹಾನಗರದ ಒಂದು ಬಡಾವಣೆ. ೨೦೧೫ರ ನವೆಂಬರಿನಿಂದ ಅಲ್ಲೊಂದು ಮೆಟ್ರೊ ನಿಲ್ದಾಣವೂ ಇದೆ. ಹಳ್ಳಿಗಳು ಕೂಡಿ ಪೊಲಿಸ್ ಆಗುತ್ತದೆ, ಬದುಕುವುದಕ್ಕಾಗಿ ಹುಟ್ಟಿ ಬಾಳುವುದಕ್ಕಾಗಿ ಉಳಿಯುತ್ತದೆ ಎಂದು ರಾಜನೀತಿಯ ಮೊದಲಲ್ಲಿದೆ. ಆದರೆ ಕೂಡಿದ್ದೆಲ್ಲ ಪೊಲಿಸ್ ಆಗದು. ಗೋಡೆಯೊಂದೇ ಸಾಕಾದರೆ ಪೆಲೊಪೊನ್ನೀಸಿಗೂ ಗೋಡೆ ಹಾಕಬಹುದಲ್ಲ ಎಂದು ಅರಿಸ್ಟಾಟಲನು ಕೇಳುತ್ತಾನೆ. ಬಾಬಿಲೋನ್ ಶತ್ರುವಶವಾಗಿ ಮೂರನೆಯ ದಿನವಾದರೂ ಅದರ ಒಂದು ಭಾಗಕ್ಕೆ ಸುದ್ದಿಯೇ ತಿಳಿದಿರಲಿಲ್ಲವಂತೆ ಎಂದು ಸೇರಿಸುತ್ತಾನೆ. ಹತ್ತು ಜನರಿಂದ ಪೊಲಿಸ್ ಆಗದು, ಲಕ್ಷ ಜನರಾದರೆ ಪೊಲಿಸ್ ಆಗಿ ಉಳಿಯದು ಎಂದು ನೀತಿಗ್ರಂಥದಲ್ಲಿದೆ. ೨೦೧೧ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗಿನ ಜನಸಂಖ್ಯೆ ೮೪ ಲಕ್ಷಕ್ಕೂ ಮಿಕ್ಕಿತ್ತು.

ಸಂಖ್ಯೆಯ ಆಕ್ಷೇಪವನ್ನು ಬದಿಗಿಡೋಣ. ಪ್ರಾತಿನಿಧ್ಯವೆಂಬ ಉಪಾಯವು ಗ್ರೀಕರಿಗೆ ಇಂದಿನಂತೆ ಪರಿಚಿತವಾಗಿರಲಿಲ್ಲ. ಪಾಲೆಂಬುದನ್ನು ಮಾತ್ರ ಬದಿಗಿಡುವಂತಿಲ್ಲ. ಥೀಸ್ಯೂಸನು ಅಟ್ಟಿಕದ ಹಳ್ಳಿಗಳ ಸಭೆಗಳನ್ನು ತೆಗೆದುಹಾಕಿ, ಎಲ್ಲಕ್ಕೂ ಸೇರಿ ಅಥೆನ್ಸಿನಲ್ಲಿ ಒಂದು ಸಭೆಯನ್ನು ಮಾಡಿದನೆಂದು ಥುಸಿಡಿಡೀಸನು ಬರೆದಿದ್ದಾನೆ. ಹಳ್ಳಿಯವನು ತನ್ನ ಚಾವಡಿಯನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ದೊಡ್ಡ ಸಭೆಯಲ್ಲಿ ಪಾಲನ್ನು ಪಡೆದನು. ಬೆಂಗಳೂರ ಪಾಲಿಕೆಯ ೧೯೮ ವಾರ್ಡುಗಳಲ್ಲಿ ಅತ್ತಿಗುಪ್ಪೆಯೂ ಒಂದಾಗಿತ್ತು. ೨೦೧೫ರಲ್ಲಿ ಆರಿಸಿಬಂದ ಆ ಸಭೆಯ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ಚುನಾವಣೆಯಿಲ್ಲದೆ ವರ್ಷಗಳು ಕಳೆದವು, ನಗರವನ್ನು ಅಧಿಕಾರಿಗಳು ನಡೆಸಿದರು, ೨೦೨೫ರಲ್ಲಿ ಆ ಪಾಲಿಕೆಯನ್ನೇ ಐದು ಪಾಲಿಕೆಗಳನ್ನಾಗಿ ಒಡೆಯಲಾಯಿತು. ಆ ವರ್ಷಗಳಲ್ಲಿ ಅತ್ತಿಗುಪ್ಪೆಯವನಿಗೆ ಶಾಸನಸಭೆಗೂ ಲೋಕಸಭೆಗೂ ಮತವಿತ್ತು. ತನ್ನ ಬೀದಿಯ ಚರಂಡಿಯ ವಿಷಯದಲ್ಲಿ ಮಾತ್ರ ಹಳ್ಳಿಯ ಚಾವಡಿಯೂ ಇರಲಿಲ್ಲ, ಪಟ್ಟಣದ ಸಭೆಯೂ ಇರಲಿಲ್ಲ. ರಾಜನೀತಿಯ ಮೂರನೆಯ ಭಾಗವನ್ನು ಕನ್ನಡಿಸುವವನು ಅವನನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಪುರವಾಸಿಯೆಂದು ಬರೆಯಬಹುದು, ತೆರಿಗೆ ತೆರುವವನೆಂದು ಬರೆಯಬಹುದು. ನಗರದ ಮಟ್ಟಿಗೆ, ಆ ವರ್ಷಗಳ ಮಟ್ಟಿಗೆ, ಪೌರನೆಂದು ಬರೆಯಲು ಮೂಲವು ಅವಕಾಶ ಕೊಡುವುದಿಲ್ಲ.